ಹೊಟ್ಟೆಯ ಬಾಡಿಗೆದಾರರ ಡಾಕ್ಟರು

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಡಾಕ್ಟರ ಬಗ್ಗೆ ಒಂದು ಪುಟ ಬೇಕೆಂದು ಕಾರ್ಯದರ್ಶಿ ಫೋನ್ ಮಾಡಿದ. "ಸ್ವಲ್ಪ ಪಾಸಿಟಿವ್ ಆಗಿರ್ಲಿ ಸಾರ್, ಕಲರ್ ಫೋಟೋ ಹಾಕ್ತೀವಿ" ಅಂದ. ಲ್ಯಾಬಿನಲ್ಲಿ ಕೂತು ಕಂಡವರ ಮಲಮೂತ್ರ ನೋಡಿಯೇ ತಲೆ ನರೆತವನು ನಾನು. ನಮ್ಮ ಕಸುಬಿನಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ ಕಣಪ್ಪ, ಅನ್ನೋಣ ಅನಿಸಿತು. ಅನ್ನಲಿಲ್ಲ, ಹ್ಞೂಂ ಬರೀತೀನಿ ಅಂದೆ. ಬರೆದದ್ದು ಇದು. ಸಂಚಿಕೆಯವರು ಇದನ್ನು ಹಾಕಲಾರರು, ನಾನೂ ಕಳಿಸಲಾರೆ. ಅವರಿಗೆ ಬೇರೆ ಒಂದು ಪುಟ ಗೀಚಿ ಕೊಟ್ಟರಾಯಿತು, 'ಸದಾ ಹಸನ್ಮುಖಿ' ಅಂತ.

ಹಸನ್ಮುಖಿ ಅನ್ನುವುದೇನೂ ಸುಳ್ಳಲ್ಲ. ಮಂಗಳೂರು ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ, ಮಕ್ಕಳ ಡಾಕ್ಟರು. ಕುವೈತಿನ ಅಬು ಹಲೀಫಾದ ನಮ್ಮ ಕ್ಲಿನಿಕ್ಕಿಗೆ ನಾನು ಸೇರಿದಾಗ ಅವರು ಆಗಲೇ ಹಳಬರು. ಗಿಡ್ಡ ಆಳು, ಬಿರುಸು ನಡಿಗೆ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್ಲು. ನನ್ನದು ಮದ್ದೂರು ಎಂದು ಮೊದಲ ದಿನವೇ ಹೇಳಿದ್ದೆ. ಆದರೂ ಕೊನೆಯವರೆಗೂ ನಾನು ಅವರಿಗೆ 'ಮೈಸೂರಿನವರು'. ಕೇಳಿದರೆ, "ಘಟ್ಟದ ಮೇಲೆ ಎಲ್ಲ ಮೈಸೂರೇ ಅಲ್ವಾ ಮಾರಾಯ್ರೆ" ಅನ್ನುವರು.

ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಡುವ ಮುಂಚೆ ಅದನ್ನು ತಮ್ಮ ಕೆನ್ನೆಗೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುವರು. ಉಬ್ಬಸದ ಮಗುವಾದರೆ, "ಎದೆಯಲ್ಲಿ ಬೆಕ್ಕಿನ ಮರಿ ಉಂಟು, ಹೆದರ್ಬೇಡ, ನಾನು ಅದಕ್ಕೆ ಹಾಲು ಕೊಡ್ತೇನೆ" ಎಂದು ನೆಬ್ಯುಲೈಸರಿನ ಮಾಸ್ಕ್ ಹಾಕುವರು. ಇಲ್ಲಿಯ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ವಾಟ್ ಕಲರ್ ಕ್ಯಾಟ್, ಆಂಟಿ?" ಎಂದು ಕೇಳುತ್ತಿದ್ದವು. ಬಣ್ಣದ ಚರ್ಚೆ ಮುಗಿಯುವ ಹೊತ್ತಿಗೆ ಔಷಧಿ ಒಳಗೆ ಹೋಗಿರುತ್ತಿತ್ತು.

ನನಗೂ ಅವರಿಗೂ ಸಲಿಗೆ ಬೆಳೆದದ್ದು ಹುಳುಗಳಿಂದ. ಬೇರೆ ಡಾಕ್ಟರುಗಳು ಮಲ ಪರೀಕ್ಷೆಯ ರಿಪೋರ್ಟನ್ನು ಕಂಪ್ಯೂಟರಿನಲ್ಲಿ ನೋಡಿ ಮುಗಿಸುವರು. ಇವರು ಲ್ಯಾಬಿಗೇ ನುಗ್ಗುವರು. "ಎಂತ ಸಿಕ್ಕಿತು ಇವತ್ತು? ತೋರ್ಸಿ, ತೋರ್ಸಿ." ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ದುಂಡು ಹುಳದ ಮೊಟ್ಟೆ ಕಂಡರೆ, "ನೋಡ್ಲಿಕ್ಕೆ ಎಷ್ಟು ಚಂದ ಉಂಟಲ್ವಾ!" ಅನ್ನುವರು. ಅಲ್ಲೇ ಪಕ್ಕದಲ್ಲಿ ನನ್ನ ಬುತ್ತಿ ಡಬ್ಬಿ ಇರುತ್ತಿತ್ತು. ಮೊದಮೊದಲು ಅದನ್ನು ದೂರ ಸರಿಸುತ್ತಿದ್ದೆ, ಆಮೇಲೆ ಒಗ್ಗಿಹೋಯಿತು.

ಊರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿದ್ದಾಗ ಹಂಚಿನ ಕಾರ್ಖಾನೆಯ ಕೂಲಿಗಳ ಮಕ್ಕಳಿಗೆ ಹುಳದ ಮಾತ್ರೆ ನುಂಗಿಸಿದ್ದೇ ನುಂಗಿಸಿದ್ದಂತೆ. ಆ ಮಕ್ಕಳ ಹೊಟ್ಟೆ ಡೋಲಿನಂತೆ, ಕೈಕಾಲು ಕಡ್ಡಿಯಂತೆ, ಆದರೆ ಉಬ್ಬಸ ಮಾತ್ರ ಅಪರೂಪ. ಕುವೈತಿಗೆ ಬಂದರೆ ಅದೇ ಊರಿನವರ ಮಕ್ಕಳು, ಟೈಲ್ಸ್ ನೆಲ, ಫಿಲ್ಟರ್ ನೀರು, ಹಗಲು ರಾತ್ರಿ ಏಸಿ. ಹೊಟ್ಟೆಯಲ್ಲಿ ಹುಳವಿಲ್ಲ, ಆದರೆ ಎರಡು ಮನೆಗೊಂದು ಮಗು ಗೊರಗೊರ ಅನ್ನುತ್ತದೆ. ಇದು ಅವರ ತಲೆಯಲ್ಲಿ ಕೊರೆಯುತ್ತಿತ್ತು. ಬಿಡುವಿದ್ದಾಗೆಲ್ಲ ಇದರ ಬಗ್ಗೆಯೇ ಓದುವರು, ಓದಿದ್ದನ್ನು ನನಗೆ ಕೊರೆಯುವರು.

ನಮ್ಮ ಗಲ್ಫಿನವರದು ಒಂದು ಪದ್ಧತಿ ಉಂಟು (ನೋಡಿ, 'ಉಂಟು' ನನ್ನ ಬಾಯಿಗೂ ಅಂಟಿದೆ). ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರು, ಸೂಟ್‌ಕೇಸು ಬಿಚ್ಚಿ ಉಪ್ಪಿನಕಾಯಿ ಹಪ್ಪಳ ಹೊರಗೆ ತೆಗೆದ ವಾರವೇ ಮನೆಮಂದಿಗೆಲ್ಲ ಹುಳದ ಮಾತ್ರೆ ನುಂಗಿಸುತ್ತಾರೆ. ಊರಿನ ಪ್ರೀತಿ ಬೇಕು, ಊರಿನ ಹುಳ ಬೇಡ. ಡಾಕ್ಟರು ಇದನ್ನು 'ಊರಿನ ಸ್ನಾನ' ಎಂದು ಹಾಸ್ಯ ಮಾಡಿದರೂ ಮಾತ್ರೆ ಮಾತ್ರ ತಪ್ಪದೆ ಬರೆದು ಕೊಡುತ್ತಿದ್ದರು.

ಒಂದು ವರ್ಷ, ಇನ್ನೇನು ಎಲ್ಲರೂ ರಜೆಗೆ ಹೊರಡಬೇಕು, ಸಂಘದವರು ಒಂದು ಶುಕ್ರವಾರ ಆರೋಗ್ಯ ಶಿಬಿರ ಇಟ್ಟರು. ಡಾಕ್ಟರದ್ದು ಭಾಷಣ, ನನ್ನದು ಊಟದ ಉಸ್ತುವಾರಿ. ಆರೋಗ್ಯದ ಭಾಷಣ ಎಂದರೆ ಜನ ಫೋನ್ ತೆಗೆದು ಕೂರುತ್ತಾರೆ. ಅವತ್ತು ಒಬ್ಬರೂ ತೆಗೆಯಲಿಲ್ಲ.

"ನಮ್ಮ ಅಜ್ಜ ಅಜ್ಜಿಯ ಹೊಟ್ಟೆ ತುಂಬ ಬಾಡಿಗೆದಾರರು ಇದ್ರು ಮಾರಾಯ್ರೆ" ಎಂದು ಶುರುಮಾಡಿದರು. "ದುಂಡು ಹುಳ, ಕೊಕ್ಕೆ ಹುಳ, ಚಾಟಿ ಹುಳ. ಬಾಡಿಗೆ ಕೊಡುದಿಲ್ಲ, ಊಟ ತಿಂಡಿ ಬೇರೆ ನಮ್ಮದೇ. ಆದ್ರೆ ಬಾಡಿಗೆದಾರನಿಗೆ ಒಂದೇ ಹೆದರಿಕೆ, ಓನರ್ ನನ್ನನ್ನು ಎಬ್ಬಿಸ್ತಾನಾ ಅಂತ. ಅದಕ್ಕೆ ಅವ ಎಂತ ಮಾಡ್ತಾನೆ? ನಮ್ಮ ಮೈಯ ಕಾವಲಿನವ ಇದ್ದಾನಲ್ಲ, ಅವನನ್ನು ಪೂಸಿ ಹೊಡೆದು ತಣ್ಣಗೆ ಇಡ್ತಾನೆ. ಈಗ ಇಲ್ಲಿ ನಮ್ಮ ಮಕ್ಕಳ ಹೊಟ್ಟೆ ಖಾಲಿ ಫ್ಲ್ಯಾಟು. ಕಾವಲಿನವನಿಗೆ ಕೆಲಸ ಇಲ್ಲ, ಪೂಸಿ ಹೊಡೀಲಿಕ್ಕೂ ಜನ ಇಲ್ಲ. ಅವ ದೂಳು ಕಂಡ್ರೆ ಬೊಬ್ಬೆ ಹಾಕ್ತಾನೆ, ಬೆಕ್ಕಿನ ಕೂದಲು ಕಂಡ್ರೆ ಬೊಬ್ಬೆ, ಕಡಲೆಬೀಜ ಕಂಡ್ರೆ ಬೊಬ್ಬೆ. ಆ ಬೊಬ್ಬೆಯೇ ಅಲರ್ಜಿ. ಅದೇ ಅಸ್ತಮಾ."

ಸಭೆ ಬಿದ್ದು ಬಿದ್ದು ನಕ್ಕಿತು. ಕುವೈತಿನಲ್ಲಿ ನಾವೆಲ್ಲರೂ ಬಾಡಿಗೆದಾರರೇ, ಓನರ್ ಯಾವಾಗ ಎಬ್ಬಿಸುತ್ತಾನೋ ಎಂಬ ಹೆದರಿಕೆ ಎಲ್ಲರಿಗೂ ಗೊತ್ತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಗು ತಗ್ಗಿದ್ದು ಕಂಡು ಭಾಷಣ ಮುಗಿಯಿತೆಂದುಕೊಂಡು ಬಡಿಸುವವರಿಗೆ ಸನ್ನೆ ಮಾಡಿದೆ. ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದರು. ಆ ಘಮಕ್ಕೆ ಹಿಂದಿನ ಸಾಲುಗಳು ಎದ್ದವು, ಆಮೇಲೆ ನಡುವಿನವು.

ಭಾಷಣ ಮುಗಿದಿರಲಿಲ್ಲ. "ಕೂತ್ಕೊಳ್ಳಿ, ಇದು ಅರ್ಧ ಮಾತ್ರ" ಅನ್ನುತ್ತಿದ್ದರು ಡಾಕ್ಟರು. "ಎಲ್ಲ ಹುಳ ಒಂದೇ ಅಲ್ಲ. ದುಂಡು ಹುಳದ ಮರಿ ಪುಪ್ಪುಸದ ಒಳಗಿಂದಲೇ ಹಾದು ಹೋಗ್ತದೆ, ಕೆಮ್ಮು ಉಬ್ಬಸ ಹೆಚ್ಚು ಮಾಡ್ತದೆ. ಇದೆಲ್ಲ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಯಾರೂ ಮಾತ್ರೆ ಬಿಡ್ಬೇಡಿ, ಪಫ್ ಬಿಡ್ಬೇಡಿ..." ಮೈಕಿನಲ್ಲೇ ಹೇಳಿದರು. ತಟ್ಟೆಗಳ ಸದ್ದಿನಲ್ಲಿ ಕೇಳಿದ್ದು ಮುಂದಿನ ಸಾಲಿಗೆ ಮಾತ್ರ. ಡಾಕ್ಟರು ನಕ್ಕು, "ಸರಿ, ನಿಮ್ಮ ಕಾವಲಿನವನಿಗೆ ಹಸಿವೆ ಆಗಿದೆ" ಎಂದು ಕೆಳಗಿಳಿದರು.

ಆ ಸಭೆಯಲ್ಲಿ ಮೈಸೂರಿನ ಒಬ್ಬ ತಾಯಿ ಇದ್ದರು. ಗಂಡ ತೈಲ ಕಂಪನಿಯಲ್ಲಿ ಎಂಜಿನಿಯರ್, ಮನೆ ಕ್ಲಿನಿಕ್ಕಿನಿಂದ ಕೂಗಳತೆ ದೂರದ ದೊಡ್ಡ ಕಟ್ಟಡದಲ್ಲಿ. ಒಬ್ಬಳೇ ಮಗಳು, ಎರಡನೇ ಕ್ಲಾಸು. ಮನೆಗೆಲಸಕ್ಕೆ, ಮಗು ನೋಡಿಕೊಳ್ಳಲು ಒಬ್ಬ ಹೆಂಗಸು ಬಂದುಹೋಗುತ್ತಿದ್ದಳು. ಮಗುವಿಗೆ ಉಬ್ಬಸವಿತ್ತು, ಡಾಕ್ಟರು ಬರೆದುಕೊಟ್ಟ ಪಫ್ ಬೆಳಿಗ್ಗೆ ಸಂಜೆ ಎಳೆದುಕೊಂಡು ಚೆನ್ನಾಗಿಯೇ ಇತ್ತು. ಆದರೆ ಯಾವ ತಾಯಿಗೆ ತಾನೇ ಮಗು ದಿನಾ ಔಷಧಿ ಎಳೆದುಕೊಳ್ಳುವುದು ಇಷ್ಟ? ಆ ಸಲ ರಜೆಗೆ ಹೋದವರು ನಂಜನಗೂಡಿನ ಹತ್ತಿರ ಅಜ್ಜಿಯ ಮನೆಯ ಹಿತ್ತಿಲಲ್ಲಿ ಮಗುವನ್ನು ಬರಿಗಾಲಲ್ಲಿ ಬಿಟ್ಟರು. ಮಡಿಯಿಂದ ಕಿತ್ತ ಸೌತೆಕಾಯಿ, ಮೂಲಂಗಿ, ತೊಳೆದರೂ ಸರಿ ತೊಳೆಯದಿದ್ದರೂ ಸರಿ. ವಾಪಸು ಬಂದ ಮೇಲೆ ಗಂಡನಿಗೆ ಮಾತ್ರೆ ಕೊಟ್ಟು, ತಾವೂ ನುಂಗಿ, ಮಗಳಿಗೆ ಮಾತ್ರ ಕೊಡಲಿಲ್ಲ. ಪಫ್ಫನ್ನೂ ಮೆಲ್ಲಮೆಲ್ಲಗೆ ಕಡಿಮೆ ಮಾಡಿದರು. ಇದ್ಯಾವುದೂ ಆಗ ನಮಗೆ ಗೊತ್ತಿಲ್ಲ.

ಕುವೈತಿನಲ್ಲಿ ಮೊದಲ ಮಳೆಯ ವಾರ ಎಲ್ಲರಿಗೂ ಸಂಭ್ರಮ, ಉಬ್ಬಸದ ಮಕ್ಕಳಿಗೆ ಗಂಡಾಂತರ. ಮಳೆಗೆ ಮುಂಚೆ ಬೀಸುವ ಗಾಳಿ ದೂಳನ್ನೂ ಮರಳುಗಾಡಿನ ಗಿಡಗಳ ಪರಾಗವನ್ನೂ ಹೊತ್ತು ತರುತ್ತದೆ. ಅಂಥ ಒಂದು ಸಂಜೆ ಆ ತಾಯಿ ಮಗುವನ್ನು ಎತ್ತಿಕೊಂಡು ಓಡಿಬಂದರು. ತುಟಿ ನೀಲಿಗಟ್ಟಿತ್ತು. ಮಾತಾಡಲು ಉಸಿರಿಲ್ಲ, ಕಣ್ಣು ಮಾತ್ರ ಬಿಟ್ಟುಕೊಂಡಿತ್ತು. ಡಾಕ್ಟರು ಬೆಕ್ಕಿನ ಕತೆ ಹೇಳಲಿಲ್ಲ. ಮಾಸ್ಕ್ ಒತ್ತಿ ಹಿಡಿದುಕೊಂಡು, ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ಕೂಗಿದರು. ನಾನು ರಕ್ತ ತೆಗೆಯಲೆಂದು ಒಳಗೆ ಬಂದಿದ್ದೆ.

"ಪಫ್ ಕೊಡ್ತಾ ಇದ್ರಲ್ಲ ಸರಿಯಾಗಿ?" ಎಂದರು ಡಾಕ್ಟರು.

ತಾಯಿ ಅಳುತ್ತಲೇ ಹೇಳಿದರು: "ಕಡಿಮೆ ಮಾಡಿದ್ದೆ ಡಾಕ್ಟ್ರೇ. ಹುಳದ ಮಾತ್ರೇನೂ ಕೊಟ್ಟಿಲ್ಲ. ನೀವೇ ಹೇಳಿದ್ರಲ್ಲ, ಬಾಡಿಗೆದಾರರು ಇದ್ರೆ ಅಸ್ತಮಾ ಬರಲ್ಲ ಅಂತ..."

ಡಾಕ್ಟರ ಮುಖ ನಾನು ನೋಡಿದೆ. ಅಂಥ ಮುಖವನ್ನು ಇನ್ನೊಮ್ಮೆ ನೋಡುವುದು ಬೇಡಪ್ಪ. ಮಾಸ್ಕ್ ಮಾತ್ರ ಅಲುಗಾಡಲಿಲ್ಲ. ಆಂಬುಲೆನ್ಸ್ ಬಂದಾಗ ಕ್ಲಿನಿಕ್ಕಿನ ಚಪ್ಪಲಿಯಲ್ಲೇ ಮಗುವಿನ ಜೊತೆ ಹತ್ತಿ ಹೋದರು.

ಮಗು ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಕ್ಕೆ ಗಂಡಹೆಂಡತಿ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಗಂಡ ಒಂದು ಉಪ್ಪಿನಕಾಯಿ ಬಾಟಲಿಯನ್ನು ತೋಳುದ್ದ ದೂರಕ್ಕೆ ಹಿಡಿದುಕೊಂಡಿದ್ದರು. ಒಳಗೆ ಬಿಳಿಯ ದುಂಡು ಹುಳ, ಗೇಣುದ್ದದ್ದು. ಮಗು ಹೊಟ್ಟೆನೋವೆಂದು ಅತ್ತು ಬಚ್ಚಲಿಗೆ ಹೋದಾಗ ಬಿದ್ದದ್ದಂತೆ. ಮಲ ಪರೀಕ್ಷೆಯಲ್ಲಿ ಮೊಟ್ಟೆಗಳೂ ಸಿಕ್ಕವು. ರಿಪೋರ್ಟ್ ಹಿಡಿದು ನಾನು ಡಾಕ್ಟರ ಕೋಣೆಗೆ ಹೋದಾಗ ಗಂಡ ಕೇಳುತ್ತಿದ್ದರು: "ನಮ್ಮನೇಲಿ ಫಿಲ್ಟರ್ ನೀರು ಬಿಟ್ರೆ ಬೇರೆ ಕುಡಿಯಲ್ಲ. ಊರಿಂದ ಬಂದ ತಕ್ಷಣ ಎಲ್ಲರೂ ಮಾತ್ರೆ ತಗೊಂಡಿದೀವಿ. ಮತ್ತೆ ಇದು ಎಲ್ಲಿಂದ ಬಂತು ಡಾಕ್ಟರ್?"

ಗಂಡನಿಗೆ ಗೊತ್ತಿರಲಿಲ್ಲ. ಹೆಂಡತಿ ಡಾಕ್ಟರ ಮುಖ ನೋಡಿದರು. ಡಾಕ್ಟರು ಮೇಜಿನ ಮೇಲಿನ ಬಾಟಲಿ ನೋಡಿದರು.

"ಕೆಲಸದವಳಿಂದಲೇ ಇರ್ಬೇಕು" ಅಂದರು ಹೆಂಡತಿ, ಮೆಲ್ಲಗೆ.

"ಅಫ್ ಕೋರ್ಸ್!" ಗಂಡ ತೊಡೆ ತಟ್ಟಿದರು. "ಅವಳು ಬೇಡ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?"

ದುಂಡು ಹುಳ ಕೈಯಿಂದ ಕೈಗೆ ದಾಟುವ ಸೊತ್ತಲ್ಲ. ಅದರ ಮೊಟ್ಟೆ ಹಸಿ ಮಣ್ಣಿನಲ್ಲಿ ವಾರಗಟ್ಟಲೆ ಬಿದ್ದು ಬಲಿತರೆ ಮಾತ್ರ ಇನ್ನೊಬ್ಬರಿಗೆ ಅಂಟುತ್ತದೆ. ಟೈಲ್ಸ್ ಹಾಕಿದ, ದಿನಾ ಫಿನಾಯಿಲ್ ಒರೆಸುವ ಕುವೈತಿನ ಫ್ಲ್ಯಾಟಿನಲ್ಲಿ ಕೆಲಸದವಳಿಂದ ಮಗುವಿಗೆ ಬರುವ ಮಾತೇ ಇಲ್ಲ. ಇದು ಡಾಕ್ಟರಿಗೆ ಗೊತ್ತು. ಬಾಗಿಲಲ್ಲಿ ನಿಂತ ನನಗೂ ಗೊತ್ತು. ಡಾಕ್ಟರು ಬಾಯಿ ತೆರೆದರು. ತೆರೆದ ಬಾಯಿಂದ ಬಂದದ್ದು ಇಷ್ಟು: "ಎಲ್ಲರೂ ಇನ್ನೊಮ್ಮೆ ಮಾತ್ರೆ ತಗೊಳ್ಳಿ. ಕೆಲಸದವಳಿಗೂ ಕೊಡಿ."

ವೈದ್ಯಶಾಸ್ತ್ರದ ಪ್ರಕಾರ ತಪ್ಪೇನೂ ಇಲ್ಲದ ಮಾತು. ಗಂಡನಿಗೆ ಅದು ತೀರ್ಪಿನಂತೆ ಕೇಳಿಸಿತು.

ಆ ಕೆಲಸದ ಹೆಂಗಸು ಅನಂತಪುರದ ಕಡೆಯವಳು, ಬಳ್ಳಾರಿಯಲ್ಲಿ ಬೆಳೆದು ಕನ್ನಡ ಕಲಿತವಳು. ವೀಸಾ ಕೊಟ್ಟ ರುಮೈಥಿಯಾದ ಒಬ್ಬ ಕಫೀಲನ ಹೆಸರಿನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಇದ್ದು, ಹೊರಗೆ ಗಂಟೆಲೆಕ್ಕದ ಮನೆಗೆಲಸ ಮಾಡಿಕೊಂಡಿದ್ದಳು. ಈ ಕಟ್ಟಡದಲ್ಲೇ ಮಹಡಿಗೊಂದೊಂದು ಮನೆ ಹಿಡಿದಿದ್ದಳು, ಹೆಚ್ಚಿನವು ಕನ್ನಡದವರವೇ. ಕಟ್ಟಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಹುಳದ ಫೋಟೋ ಬಂತು, ಕೆಳಗೆ 'ಮೇಡ್‌ನಿಂದ ಅಂತೆ, ಡಾಕ್ಟರೇ ಹೇಳಿದ್ರು, ಬೀ ಕೇರ್‌ಫುಲ್' ಎಂದು. ಆ ವಾರ ಮುಗಿಯುವುದರೊಳಗೆ ಅವಳ ಕೆಲಸದ ಎಲ್ಲ ಮನೆಗಳೂ ಖಲಾಸ್.

ಅವಳು ನನ್ನ ಲ್ಯಾಬಿಗೆ ಬಂದಳು. ಕೈಯಲ್ಲಿ ಡಬ್ಬಿ. "ನಂದು ಟೆಸ್ಟ್ ಮಾಡ್ರಿ ಸಾರ್. ಹುಳ ಐತಂದ್ರೆ ನಾನೇ ಹೋಗ್ತೀನಿ." ಮಾಡಿದೆ. ಏನೂ ಇರಲಿಲ್ಲ. ಹಾಗೆಂದು ಬರೆದುಕೊಟ್ಟೆ. ಅದನ್ನು ಹಿಡಿದು ಮನೆಮನೆಗೆ ಹೋದರೆ, "ಮಾತ್ರೆ ತಗೊಂಡಿರ್ತೀಯ, ಅದಕ್ಕೇ ಕ್ಲೀನ್ ಬಂದಿದೆ" ಅಂದರಂತೆ. ಇದನ್ನು ಹೇಳಲು ಮತ್ತೆ ಬಂದಳು. ನಾನು ಅಯ್ಯೋ ಪಾಪ ಅಂದೆ. ಅಷ್ಟೇ ಅಂದದ್ದು. ಎದ್ದು ಅವಳ ಜೊತೆ ಆ ಕಟ್ಟಡಕ್ಕೆ ಹೋಗಲು ಎಷ್ಟು ಹೊತ್ತು ಬೇಕಿತ್ತು? ಡಾಕ್ಟರೇ ಸುಮ್ಮನಿರುವಾಗ ನಾನು ಯಾವ ಊರ ದಾಸಯ್ಯ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಡಾಕ್ಟರು ಬದಲಾದರು. ಲ್ಯಾಬಿಗೆ ಬರುವುದು ನಿಂತಿತು. ಕಿವಿನೋವೆಂದು ಬಂದ ಮಗುವಿನ ತಾಯಿಗೂ, "ಹುಳದ ಮಾತ್ರೆ ಕೊಟ್ಟಿದ್ದೀರಲ್ಲ? ಉಬ್ಬಸ ಇಲ್ಲ ಅಲ್ಲ? ಇದ್ರೆ ಪಫ್ ಬಿಡ್ಬಾರ್ದು ಗೊತ್ತುಂಟಲ್ಲ?" ಎಂದು ಕೇಳಿ ಗಾಬರಿ ಹುಟ್ಟಿಸುತ್ತಿದ್ದರು. ಭಾಷಣಕ್ಕೆ ಕರೆದರೆ ಗಂಟಲು ಸರಿ ಇಲ್ಲ ಅನ್ನುವರು. ಆ ಮಗು ಚೆಕಪ್ಪಿಗೆ ಬಂದಾಗ ಬೇರೆಲ್ಲ ರೋಗಿಗಳಿಗಿಂತ ಎರಡು ಪಟ್ಟು ಹೊತ್ತು ನೋಡುವರು, ಆದರೆ ತಾಯಿಯ ಮುಖ ನೋಡರು. ತಾಯಿಯೂ ಇವರ ಮುಖ ನೋಡರು. ಮಗು ಮಾತ್ರ, "ಆಂಟಿ, ವೇರ್ ಈಸ್ ದಿ ಕ್ಯಾಟ್?" ಅನ್ನುತ್ತಿತ್ತು.

ಒಮ್ಮೆ ಚಹಾದ ಹೊತ್ತಿಗೆ ನಾನೇ ಮಾತು ತೆಗೆದೆ. "ಡಾಕ್ಟ್ರೇ, ಆ ಹೆಂಗಸು ಈಗ ಇಲ್ಲೇ ಪಕ್ಕದ ಮಹಬೂಲಾದಲ್ಲವ್ಳೆ. ಲಾಂಡ್ರೀಲಿ ಇಸ್ತ್ರಿ ಮಾಡ್ತಾಳಂತೆ."

ಅವರು ಕಪ್ಪು ಕೆಳಗಿಟ್ಟರು. "ಅವಳ ಹತ್ರ ಹೋಗ್ಬೇಕು ಮೈಸೂರಿನವರೇ. ಹೇಳ್ಬೇಕು."

"ಈ ಶುಕ್ರವಾರ ಹೋಗೋಣ್ವಾ?"

"ಹೋಗುವ."

ಹೋಗಲಿಲ್ಲ. ಇಗರ್ಜಿಯಲ್ಲಿ ಪೂಜೆ ಇದೆ, ಮಗನ ಫೋನ್ ಬರುವುದಿದೆ, ಮಂಡಿನೋವು. ಮುಂದಿನ ಶುಕ್ರವಾರ, ಅದರ ಮುಂದಿನದು. ಶುಕ್ರವಾರಗಳಿಗೇನು ಬರವೇ? ವರ್ಷಗಳೇ ಉರುಳಿದವು. ಒಂದು ದಿನ ತಾವಾಗಿಯೇ ಅಂದರು: "ನಾನು ಪಾದ್ರಿಗಳ ಹತ್ರ ಹೇಳಿದೆ. ದೇವರು ಕ್ಷಮಿಸ್ತಾನೆ ಅಂದ್ರು. ದೇವರಿಗೆ ಎಂತ ಮಾರಾಯ್ರೆ, ಅವನ ಕೆಲಸ ಹೋದದ್ದಾ?" ಇದು ನಗುವ ಮಾತೋ ಅಳುವ ಮಾತೋ ತಿಳಿಯಲಿಲ್ಲ.

ಈ ವರ್ಷ ಡಾಕ್ಟರಿಗೆ ನಿವೃತ್ತಿ ಬಂತು. ಇಕಾಮಾ ರದ್ದಾಗಿ ಊರಿಗೆ ಹೊರಡುವ ದಿನ ಗೊತ್ತಾಯಿತು. ಸಂಘದವರು ಬೀಳ್ಕೊಡುಗೆ ಇಟ್ಟರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪೇಟ ಅವರ ಪುಟ್ಟ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟು ಮೈಕಿನ ಮುಂದೆ ನಿಂತರು.

"ನಾನು ಇಲ್ಲಿ ಒಂದು ತಮಾಷೆ ಮಾಡಿದ್ದೆ. ಅದನ್ನು ನಂಬಿ ಒಂದು ಮಗು ಉಸಿರಿಗೆ ಒದ್ದಾಡಿತು. ತಪ್ಪು ನನ್ನದು ಅಂತ ಹೇಳ್ಲಿಕ್ಕೆ ಹೆದರಿ ಸುಮ್ಮನೆ ಕೂತೆ. ಅದಕ್ಕೆ ಒಬ್ಬಳು ಹೆಂಗಸು ಕೆಲಸ ಕಳಕೊಂಡಳು. ಅವಳಿಂದ ಎಂತದೂ ಆದದ್ದಲ್ಲ. ನನಗೆ ಈ ಶಾಲು..."

ಯಾರೋ ಚಪ್ಪಾಳೆ ಶುರುಮಾಡಿದರು. ಸಭೆಯೆಲ್ಲ ಎದ್ದು ತಟ್ಟಿತು. ನಿರೂಪಕ ಓಡಿಬಂದು ಮೈಕ್ ಕಸಿದುಕೊಂಡ: "ನೋಡಿ, ಇದೇ ನೋಡಿ ದೊಡ್ಡವರ ವಿನಯ ಅಂದ್ರೆ! ಇಷ್ಟೆಲ್ಲ ಸಾಧನೆ ಮಾಡಿಯೂ ತಪ್ಪು ನನ್ನದು ಅಂತಾರೆ!" ಎರಡನೇ ಸಾಲಿನಲ್ಲಿ ಆ ಮೈಸೂರಿನ ತಾಯಿಯೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಮಗಳನ್ನು ಕರೆತಂದು ಡಾಕ್ಟರ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿಕೊಂಡರು.

ವಾಪಸು ಬರುವಾಗ ನನ್ನ ಕಾರಿನಲ್ಲಿ ಡಾಕ್ಟರು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಮನೆ ಹತ್ತಿರ ಬಂದಾಗ, "ಮಹಬೂಲಾಕ್ಕೆ ತಿರುಗಿಸಿ" ಅಂದರು. ಹೊತ್ತಿನ್ನೂ ಮುಳುಗಿರಲಿಲ್ಲ. ತಿರುಗಿಸಿದೆ.

ಲಾಂಡ್ರಿಯ ಹಿಂದೆ, ನಾಲ್ಕಾರು ಹೆಂಗಸರು ಸೇರಿ ಇರುವ ಕೋಣೆ. ಅವಳು ಬಾಗಿಲಿಗೆ ಬಂದು ಡಾಕ್ಟರ ಗುರುತು ಹಿಡಿದಳು. ಬನ್ನಿ ಅನ್ನಲಿಲ್ಲ.

"ಪಾಪು ಹೆಂಗೈತಿ?" ಎಂದು ಕೇಳಿದಳು, ಮೊದಲು ಅದನ್ನೇ.

"ಚೆನ್ನಾಗಿ ಉಂಟು." ಅಂದರು ಡಾಕ್ಟರು. "ಅದಕ್ಕೆ ಹುಳ ಬಂದದ್ದು ನಿಮ್ಮಿಂದ ಅಲ್ಲ. ಊರಿನ ಮಣ್ಣಿಂದ. ಅದರ ಅಮ್ಮ ಮಾತ್ರೆ ಕೊಡದೆ ಬಿಟ್ಟದ್ದು ನನ್ನ ಮಾತು ಕೇಳಿ. ನನಗೆ ಅವತ್ತೇ ಗೊತ್ತಿತ್ತು."

ಅವಳು ನಂಬಲಿಲ್ಲವೋ ಏನೋ, ನನ್ನ ಕಡೆ ತಿರುಗಿದಳು. "ಹೌದಾ ಸಾರ್?"

"ಹೌದಮ್ಮ. ಹಸಿ ಮಣ್ಣಿಲ್ದೆ ಆ ಮೊಟ್ಟೆ ಬಲಿಯಲ್ಲ. ಮನೆ ಒಳಗೆ ನಿನ್ನಿಂದ ಬರಕ್ಕೆ ಸಾಧ್ಯನೇ ಇಲ್ಲ."

"ನಾನು ಡಬ್ಬಿ ಹಿಡ್ಕೊಂಡು ನಿಮ್ಮತ್ರ ಬಂದಾಗ, ಅವಾಗೂ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ಬೇರೇನು ಮಾಡಲಿ?

"ಮತ್ತೆ ಯಾಕ್ ಹೇಳಲಿಲ್ಲ?"

ಉತ್ತರ ಕೊಟ್ಟವರು ಡಾಕ್ಟರು. "ನನ್ನ ಮರ್ಯಾದೆ ಹೋಗ್ತದೆ ಅಂತ."

"ನಂದು ಹೋತಲ್ಲಮ್ಮ" ಅಂದಳು ಅವಳು. ದನಿ ಏರಿಸಲಿಲ್ಲ. "ಹುಳದಾಕಿ ಅಂತಿದ್ರು ನನ್ನ. ಲಿಫ್ಟ್‌ನಾಗ ನನ್ನ ಜೊತಿ ನಿಲ್ತಿರಲಿಲ್ಲ. ಆ ಪಾಪೂನ ಎರಡು ವರ್ಷ ಎತ್ತಾಡಿಸಿದಾಕಿ ನಾನು."

ಡಾಕ್ಟರು ಕೈ ಮುಗಿದರು. "ನಾನು ಎಂತ ಮಾಡ್ಲಿ, ಹೇಳಿ. ಎಂತ ಬೇಕಾದ್ರೂ ಮಾಡ್ತೇನೆ. ನಾಡಿದ್ದು ನಾನು ಊರಿಗೆ ಹೋಗ್ತೇನೆ."

"ನಿಲ್ರಿ, ಬಂದೆ" ಎಂದು ಹೆಂಗಸು ಒಳಗೆ ಹೋದಳು. ಬಂದಾಗ ಕೆಲಸದ ಬಟ್ಟೆ ಬದಲಾಯಿಸಿದ್ದಳು. ಹಬ್ಬಕ್ಕೆ ಉಡುವಂಥ ನೀಲಿ ಸೀರೆ, ನೀಟಾಗಿ ಬಾಚಿದ ತಲೆ. "ನಡೀರಿ. ಆ ಬಿಲ್ಡಿಂಗಿಗೆ. ನನ್ನೆದ್ರಿಗೆ ಹೇಳ್ರಿ."

ಕಾರನ್ನು ಮತ್ತೆ ಅಬು ಹಲೀಫಾದ ಕಡೆಗೆ ತಿರುಗಿಸಿದೆ. ಕಟ್ಟಡದ ಹಾರಿಸ್, ಬಾಗಿಲು ಕಾಯುವ ಮುದುಕ, ಅವಳನ್ನು ಗುರುತು ಹಿಡಿದು ಎದ್ದು ನಿಂತ. ಮೊದಲು ಆ ಮೈಸೂರಿನವರ ಮನೆಯ ಗಂಟೆ ಒತ್ತಿದೆವು. ಬಾಗಿಲು ತೆರೆದ ತಾಯಿ ಇನ್ನೂ ಸಮಾರಂಭದ ರೇಷ್ಮೆ ಸೀರೆಯಲ್ಲೇ ಇದ್ದರು.

"ಅಯ್ಯೋ ಡಾಕ್ಟ್ರೇ! ಬನ್ನಿ ಬನ್ನಿ. ಬನ್ನಿ ಸಾರ್." ಅವಳನ್ನು ಕಂಡು ಮಾತು ಅಲ್ಲಿಗೇ ನಿಂತಿತು.

"ನಾವು ಮೂರು ಜನ ಬಂದದ್ದು" ಅಂದರು ಡಾಕ್ಟರು. ಹೊಸಿಲು ದಾಟಲಿಲ್ಲ.

ತಾಯಿಯ ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಒಳಗಿಂದ ಗಂಡ, "ಯಾರೇ ಅದು?" ಎಂದು ಕೂಗಿದರು.

"ನಾನು ಒಳಗ ಬರಾಕ ಬಂದಿಲ್ಲಮ್ಮ" ಅಂದಳು ಹೆಂಗಸು. "ಸಾಹೇಬ್ರನ್ನೂ ಕರೀರಿ. ಡಾಕ್ಟ್ರಮ್ಮ ಏನೋ ಹೇಳ್ತಾರಂತ."

ಗಂಡ ಬಂದರು. ಹಿಂದೆಯೇ ಮಗಳೂ ಬಂದಳು, ಅಮ್ಮನ ಭುಜದೆತ್ತರಕ್ಕೆ ಬೆಳೆದಿದ್ದಳು. ಡಾಕ್ಟರು ಮೊದಲಿಂದ ಕೊನೆಯವರೆಗೆ ಹೇಳಿದರು. ಬಾಡಿಗೆದಾರರ ತಮಾಷೆ, ಕೊಡದೆ ಬಿಟ್ಟ ಮಾತ್ರೆ, ಮೇಜಿನ ಮೇಲಿನ ಬಾಟಲಿ, ಗೊತ್ತಿದ್ದೂ ನುಂಗಿಕೊಂಡ ಮಾತು. ಒಂದೇ ಒಂದು ನಗೆಮಾತು ಸೇರಿಸಲಿಲ್ಲ. ಲ್ಯಾಬಿನವನಾಗಿ ನಾನೂ ನನ್ನ ಪಾಲಿನದನ್ನು ಹೇಳಿದೆ. ಗಂಡ ಹೆಂಡತಿಯ ಕಡೆ ತಿರುಗಿದರು. ಹೆಂಡತಿ ಬಾಗಿಲ ಹಿಡಿಯನ್ನು ಬಿಟ್ಟು, ತಲೆ ತಗ್ಗಿಸಿ, "ಕೂತ್ಕೋ ಬಾ... ಸ್ವಲ್ಪ ಕಾಫಿ..." ಎಂದು ಅವಳ ಕಡೆ ಕೈ ಚಾಚಿದರು.

ಡಾಕ್ಟರ ಹಣೆಯಲ್ಲಿ ಬೆವರಿತ್ತು. ಮಂಡಿ ನೋಯುತ್ತಿತ್ತೇನೋ, ಗೋಡೆಗೆ ಒರಗಿಕೊಂಡರು. ಮುಗಿಯಿತು ಎಂದುಕೊಂಡರೆಂದು ಕಾಣುತ್ತದೆ. ನಾನಂತೂ ಹಾಗೆಯೇ ಅಂದುಕೊಂಡೆ.

ಹೆಂಗಸು ಮಗುವಿನ ಕೆನ್ನೆ ಒಮ್ಮೆ ಮುಟ್ಟಿ ನೋಡಿದಳು. ಕಾಫಿಗೆ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಹೋಗಿ ಲಿಫ್ಟಿನ ಗುಂಡಿ ಒತ್ತಿ, ಬಾಗಿಲು ತೆರೆದುಕೊಳ್ಳುತ್ತಲೇ ಅದನ್ನು ಕೈಯಿಂದ ತಡೆದು ಹಿಡಿದು ನಮ್ಮಿಬ್ಬರ ಕಡೆ ನೋಡಿದಳು.

"ಬರ್ರಿ" ಅಂದಳು. "ಇನ್ನ ಮ್ಯಾಲಿನ ಮನಿ."